ಚಾತುರ್ಮಾಸ್ಯದ ದಿನಗಳಲ್ಲಿ ಮಲ್ಪೆ – ವಡಭಾಂಡೇಶ್ವರ

ಉಡುಪಿಯ ಶ್ರೀಕೃಷ್ಣದರ್ಶನಕ್ಕೆಂದು ಹೊರಡುವ ನಮ್ಮ ಕುಟುಂಬಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಕಾಲ ಎರಡೇ. ಒಂದು, ಮಕ್ಕಳಿಗೆ ಬೇಸಿಗೆಯ ರಜೆ ಇರುವಾಗ; ಇನ್ನೊಂದು, ಮಕರಸಂಕ್ರಮಣದ ಆಸುಪಾಸಿನ ಉತ್ಸವಗಳ ದಿನಗಳಲ್ಲಿ. ದೇವರ ದರ್ಶನವಾಗಿ, ಮಠದಲ್ಲಿ ತೀರ್ಥಪ್ರಸಾದ ಮುಗಿದು, ಬಿಸಿಲಿಳಿದ ಮೇಲೆ ಮಕ್ಕಳ ಹಟಕ್ಕೆ ಮಣಿದು ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದ ಮಲ್ಪೆಯ ಕಡಲತೀರಕ್ಕೆ ಒಂದು ಗಳಿಗೆ ಹೋಗಿಬರುವುದು ವಾಡಿಕೆ. ಅಲ್ಲಿ ಜನಜಂಗುಳಿಯ ನಡುವೆ ಮಕ್ಕಳು ಮರಳಿನಲ್ಲಿ ಆಡುತ್ತಾರೆ, ಹಿರಿಯರು ಸೂರ್ಯಾಸ್ತವನ್ನು ನೋಡುತ್ತಾರೆ, ಕತ್ತಲಾಗುವಷ್ಟರಲ್ಲಿ ಎಲ್ಲರೂ ಹಿಂದಿರುಗುತ್ತಾರೆ. ಆ ಮರಳದಂಡೆಯ ಸಮೀಪದಲ್ಲಿಯೇ ಶ್ರೀಮದಾಚಾರ್ಯರ ಕರಕಮಲಗಳಿಂದ ಪ್ರತಿಷ್ಠಿತನಾದ ಬಲರಾಮದೇವರ ಸನ್ನಿಧಿ ಇದೆಯೆಂಬುದು ಬಹುಮಂದಿಗೆ ತಿಳಿದಿದ್ದರೂ, ಅಲ್ಲಿಗೆ ಕಾಲಿಡುವವರು ವಿರಳ. ಹೊತ್ತಾಯಿತು, ಬಸ್ಸಿದೆ, ಮುಂದಿನ ಬಾರಿ ನೋಡೋಣ ಎಂಬ ಮಾತುಗಳೇ ಹೆಚ್ಚು.

ಈ ಲೇಖನದಲ್ಲಿ ವಿಚಾರಿಸಹೊರಟಿರುವುದು ಮೂರನೆಯದೊಂದು ಕಾಲದ ಯಾತ್ರೆಯನ್ನು. ಆಷಾಢ, ಶ್ರಾವಣ ಮಾಸಗಳಲ್ಲಿ, ಅಂದರೆ ಕರಾವಳಿಯಲ್ಲಿ ಮಳೆ ಬಿಡದೆ ಸುರಿಯುವಾಗ, ಮಲ್ಪೆಗೆ ಹೋಗಬೇಕೆಂದರೆ ಮನೆಯವರು ನಗುತ್ತಾರೆ. “ಈಗ ಸೀಸನ್ ಅಲ್ಲ, ಅಲ್ಲಿ ನೋಡುವುದೇನಿದೆ?” ಎಂದು ಕೇಳುತ್ತಾರೆ. ಕೇಳುವುದು ಸಹಜವೇ. ದ್ವೀಪಗಳಿಗೆ ಹೋಗುವ ದೋಣಿಗಳು ನಿಂತಿರುತ್ತವೆ. ತೀರದ ಅಂಗಡಿಗಳಲ್ಲಿ ಹಲವು ಬಾಗಿಲು ಹಾಕಿರುತ್ತವೆ. ಕಡಲಿಗೆ ಇಳಿಯದಂತೆ ಬಲೆಯ ತಡೆಬೇಲಿ ಕಟ್ಟಿ ಕೆಂಪು ಬಾವುಟ ನೆಟ್ಟಿರುತ್ತಾರೆ. ಆದರೂ, ನಮ್ಮ ಸಂಪ್ರದಾಯಕ್ಕೆ ಆ ಊರಿನೊಡನೆ ಇರುವ ಸಂಬಂಧವನ್ನು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಯೋಗ್ಯವಾದ ಕಾಲ ಬೇರೊಂದಿಲ್ಲವೆಂದೇ ನನ್ನ ಭಾವನೆ. ಕಾರಣಗಳನ್ನು ಕ್ರಮವಾಗಿ ನೋಡೋಣ.

ಮೊದಲಿಗೆ, ಕಡಲೂರು ಈ ತಿಂಗಳುಗಳಲ್ಲಿ ಏಕೆ ಸ್ತಬ್ಧವಾಗುತ್ತದೆ ಎಂಬುದನ್ನು ಗಮನಿಸಬೇಕು. ಜೂನ್ ತಿಂಗಳಲ್ಲಿ ನೈಋತ್ಯದ ಮಾರುತವು ಸಾವಿರಾರು ಮೈಲಿಗಳ ತೆರೆದ ಸಮುದ್ರದ ಮೇಲೆ ತಡೆಯಿಲ್ಲದೆ ಬೀಸಿಬಂದು ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಗಾಳಿ ದೂರದಿಂದ ಬಂದಷ್ಟೂ ಅಲೆ ಬೆಳೆಯುತ್ತದೆ. ಉಡುಪಿಯ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದ್ದೇ. ಹಾಯಿಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಈ ನಾಲ್ಕು ತಿಂಗಳು ಮುಚ್ಚಿಯೇ ಇರುತ್ತಿದ್ದವು. ಮಂಜಿ, ಪತ್ತೆಮಾರಿಗಳನ್ನು ದಡಕ್ಕೆಳೆದು ತೆಂಗಿನ ಗರಿಗಳನ್ನು ಹೊದಿಸಿ ಇಡುತ್ತಿದ್ದರು. ಇಂದು ಯಂತ್ರದ ದೋಣಿಗಳಿದ್ದರೂ ನಿಯಮ ಅದೇ ದಾರಿಯನ್ನು ಹಿಡಿದಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ಸರಕಾರದ ನಿಷೇಧವಿದೆ. ಅದು ಜಲಚರಗಳ ಸಂತಾನವೃದ್ಧಿಯ ಕಾಲ; ಕಡಲಿಗಿಳಿದವರ ಜೀವಕ್ಕೂ ಅಪಾಯದ ಕಾಲ.

ಇನ್ನು ನಮ್ಮ ಯತಿಗಳ ಚಾತುರ್ಮಾಸ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ವರ್ಷವಿಡೀ ಸಂಚರಿಸಬೇಕಾದ ಸಂನ್ಯಾಸಿಯು ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬ ವಿಧಿಗೆ, ದಾರಿಯಲ್ಲಿ ಹುಟ್ಟುವ ಅಸಂಖ್ಯ ಕ್ರಿಮಿಕೀಟಗಳಿಗೆ ಹಿಂಸೆಯಾಗಬಾರದೆಂಬುದೇ ಮುಖ್ಯ ಕಾರಣವಾಗಿ ಹೇಳಲ್ಪಟ್ಟಿದೆ. ಹಡಗಿನವನು ಹಡಗನ್ನು ದಡಕ್ಕೆಳೆದ. ಯತಿಯು ಸಂಚಾರವನ್ನು ನಿಲ್ಲಿಸಿದ. ಸರಕಾರವು ಮೀನುಗಾರಿಕೆಯನ್ನು ತಡೆಯಿತು. ಪರಸ್ಪರ ಕೇಳಿ ಮಾಡಿದ ಏರ್ಪಾಡುಗಳಲ್ಲ ಇವು. ಆದರೂ ಮೂರೂ ಒಂದೇ ಋತುವನ್ನು ಮನ್ನಿಸಿದವು. ಪಟ್ಟಣದವರು “ಸೀಸನ್ ಅಲ್ಲ” ಎಂದು ಕರೆಯುವ ಕಾಲವು ಕಡಲಿನ ವ್ರತಕಾಲವೆಂದು ತಿಳಿದರೆ, ಅಲ್ಲಿಗೆ ಹೋಗುವ ರೀತಿಯೂ ತಾನಾಗಿ ಬದಲಾಗುತ್ತದೆ. ವ್ರತದಲ್ಲಿರುವವರ ಮನೆಗೆ ಹೋದರೆ ನಾವು ಅದನ್ನು ಕೊಡಿ, ಇದನ್ನು ಕೊಡಿ ಎಂದು ಕೇಳುವುದಿಲ್ಲವಷ್ಟೆ.

ಈಗ ಸ್ಥಳದ ವಿಚಾರ. ತೀರ್ಥಹಳ್ಳಿಯಿಂದ ಬರುವ ರಾಷ್ಟ್ರೀಯ ಹೆದ್ದಾರಿಯು ಉಡುಪಿಯನ್ನು ದಾಟಿ ಆದಿಉಡುಪಿಯ ಮಾರ್ಗವಾಗಿ ಮಲ್ಪೆಯಲ್ಲಿ ಕೊನೆಗೊಳ್ಳುತ್ತದೆ. ದಾರಿಯಿಂದ ಸ್ವಲ್ಪ ಒಳಗೆ ಕೊಡವೂರಿನ ಶಂಕರನಾರಾಯಣ ದೇವಸ್ಥಾನ. ಮಲ್ಪೆಯನ್ನು ಸಮೀಪಿಸುತ್ತಿದ್ದಂತೆ ಎಡಗಡೆಗೆ ಬಂದರು, ಬಲಗಡೆಗೆ ವಡಭಾಂಡೇಶ್ವರ ಮತ್ತು ತೆರೆದ ಕಡಲು. ದಕ್ಷಿಣದಲ್ಲಿ ಉದ್ಯಾವರದ ಹೊಳೆಯು ಸಮುದ್ರವನ್ನು ಸೇರುವ ಅಳಿವೆಯೇ ಈ ಬಂದರಿಗೆ ಆಸರೆ. ಹೊಳೆಯ ಬಾಯಿ ಇದ್ದಲ್ಲಿ ಬಂದರು, ಬಂದರು ಇದ್ದಲ್ಲಿ ಊರು ಎಂಬುದು ನಮ್ಮ ಕರಾವಳಿಯುದ್ದಕ್ಕೂ ಕಾಣುವ ಕ್ರಮ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆಯನ್ನು ನಡೆಸಿದ್ದೂ ಈ ಜಲಮಾರ್ಗದ ಅನುಕೂಲವಿದ್ದುದರಿಂದಲೇ ಇರಬೇಕು. ಇಂದು ಮಲ್ಪೆಯು ರಾಜ್ಯದ ಅತಿದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಬೇರೆ ತಿಂಗಳುಗಳಲ್ಲಿ ಧಕ್ಕೆಯ ಗದ್ದಲದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಆಷಾಢದಲ್ಲಿ ಸಾವಿರಕ್ಕೂ ಮಿಕ್ಕ ದೋಣಿಗಳು ಒಂದಕ್ಕೊಂದು ತಗುಲಿಕೊಂಡು ಮಳೆಯಲ್ಲಿ ತೋಯುತ್ತ ನಿಂತಿರುತ್ತವೆ. ಆ ದೋಣಿಗಳ ಮೇಲೆ ಬರೆದ ಹೆಸರುಗಳನ್ನು ಓದುತ್ತ ಹೋಗುವುದೇ ಒಂದು ನಾಮಸ್ಮರಣೆ. ದೇವರ ಹೆಸರಿಲ್ಲದ ದೋಣಿ ಬಹಳ ಅಪರೂಪ.

ವಡಭಾಂಡೇಶ್ವರವೆಂಬ ಹೆಸರಿನ ಬಗೆಗೆ ಒಂದು ಮಾತು. ಹಳಗನ್ನಡದಲ್ಲಿಯೂ ತುಳುವಿನಲ್ಲಿಯೂ ‘ಓಡ’ ಎಂದರೆ ದೋಣಿ. ಸಂಸ್ಕೃತದಲ್ಲಿ ‘ಭಾಂಡ’ ಎಂದರೆ ಪಾತ್ರೆ, ವ್ಯಾಪಾರದ ಸರಕು ಎಂಬ ಅರ್ಥಗಳಿವೆ. ಕಡಲ ವ್ಯಾಪಾರದ ನೆನಪು ಈ ಹೆಸರಿನಲ್ಲಿ ಉಳಿದಿರಬಹುದೇ ಎಂಬುದು ನನ್ನ ಊಹೆ ಮಾತ್ರ. ಪಂಡಿತರು ಬೇರೆ ರೀತಿಯಲ್ಲಿ ಬಿಡಿಸಿದರೆ ನನ್ನ ಆಕ್ಷೇಪವಿಲ್ಲ.

ಹಡಗಿನ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದದ್ದೇ. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಈ ತೀರದಲ್ಲಿ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಶ್ರೀಮದಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಸುರಕ್ಷಿತವಾಗಿ ತೀರಕ್ಕೆ ತಂದರು. ಕೃತಜ್ಞನಾದ ನಾವಿಕನು ಬೇಕಾದುದನ್ನು ಸ್ವೀಕರಿಸಬೇಕೆಂದು ಪ್ರಾರ್ಥಿಸಿದಾಗ, ಹಡಗಿನಲ್ಲಿದ್ದ ಗೋಪೀಚಂದನದ ಗಡ್ಡೆಗಳನ್ನಷ್ಟೇ ಕೇಳಿ ಪಡೆದರು. ಅವುಗಳಲ್ಲಿ ಹುದುಗಿದ್ದ ಎರಡು ಪ್ರತಿಮೆಗಳ ಪೈಕಿ ಬಲರಾಮನನ್ನು ಕಡಲ ದಡದಲ್ಲಿಯೇ ಪ್ರತಿಷ್ಠಾಪಿಸಿ, ಶ್ರೀಕೃಷ್ಣನನ್ನು ಉಡುಪಿಗೆ ಕರೆತಂದರು. ಇದು ಸಂಪ್ರದಾಯ. ನಾವು ನಿತ್ಯವೂ ನೈವೇದ್ಯಕಾಲದಲ್ಲಿ ಪಠಿಸುವ ದ್ವಾದಶಸ್ತೋತ್ರದ ರಚನೆಯನ್ನೂ ಈ ಪ್ರಸಂಗದೊಡನೆಯೇ ಹಿರಿಯರು ಸೇರಿಸಿ ಹೇಳುತ್ತಾರೆ.

ಈ ಕಥೆಯನ್ನು ಜನವರಿಯ ಸಂಜೆಯಲ್ಲಿ ಮಲ್ಪೆಯ ತೀರದಲ್ಲಿ ಕುಳಿತು ಮಕ್ಕಳಿಗೆ ಹೇಳಿನೋಡಿರಿ. ಮುಂದೆ ಕಡಲು ಕೆರೆಯಂತೆ ಶಾಂತವಾಗಿರುತ್ತದೆ. ಹಡಗು ಏಕೆ ಅಪಾಯಕ್ಕೆ ಸಿಕ್ಕಿತು, ನಾವಿಕನಿಗೆ ಅಷ್ಟೊಂದು ಕೃತಜ್ಞತೆ ಏಕೆ ಎಂಬುದು ಮಕ್ಕಳಿಗೆ ಅರ್ಥವಾಗುವುದಿಲ್ಲ. ಉತ್ತರೀಯವನ್ನು ಬೀಸಿದ್ದಷ್ಟೇ ಚಮತ್ಕಾರವಾಗಿ ಉಳಿಯುತ್ತದೆ. ಅದೇ ಕಥೆಯನ್ನು ಆಷಾಢದ ಮಧ್ಯಾಹ್ನ, ದಡದಿಂದ ದೂರ ನಿಂತು, ಕೊಡೆ ಮಗುಚಿಕೊಳ್ಳುವ ಗಾಳಿಯಲ್ಲಿ ಹೇಳಿದರೆ ವಿವರಣೆಯೇ ಬೇಡ. ಆಗ ದಿಗಂತ ಕಾಣುವುದಿಲ್ಲ. ಆಕಾಶವೂ ನೀರೂ ಒಂದೇ ಬೂದುಬಣ್ಣ. ಹೊಳೆಗಳು ತಂದ ಮಣ್ಣಿನಿಂದ ಕಡಲು ಕೆಂಪಾಗಿರುತ್ತದೆ. ಅಲೆಯು ದಡಕ್ಕೆ ಬರುವ ಮೊದಲೇ ದೂರದಲ್ಲಿ ಒಡೆಯತೊಡಗಿ, ಸಾಲುಸಾಲಾಗಿ ನೊರೆಯಾಗಿ ಬರುತ್ತದೆ. ಅಂಥ ನೀರಿನಲ್ಲಿ ಹಾಯಿಯನ್ನು ನಂಬಿದ ಮರದ ಹಡಗು, ಅದರಲ್ಲಿ ಹತ್ತಿಪ್ಪತ್ತು ಮಂದಿ, ದಡ ಯಾವ ಕಡೆ ಎಂದು ತಿಳಿಯದ ನಾವಿಕ. ದಡದಲ್ಲಿ ಒಬ್ಬರು ನಿಂತು ಬಟ್ಟೆಯನ್ನು ಬೀಸುತ್ತಿದ್ದಾರೆಂದರೆ ಆತನಿಗೆ ಅದು ಏನಾಗಿ ಕಂಡಿರಬೇಕು!

ವಿಚಾರವಂತರು ಇಲ್ಲೊಂದು ಪ್ರಶ್ನೆಯನ್ನು ಕೇಳುವುದುಂಟು: ಮಳೆಗಾಲದಲ್ಲಿ ಹಡಗುಗಳೇ ಸಂಚರಿಸುತ್ತಿರಲಿಲ್ಲವಾದರೆ ಈ ಹಡಗು ಹೇಗೆ ಬಂತು? ಅರಬ್ಬೀ ಸಮುದ್ರದಲ್ಲಿ ಬಿರುಗಾಳಿ ಮಳೆಗಾಲದ ನಾಲ್ಕು ತಿಂಗಳುಗಳಿಗೆ ಮಾತ್ರ ಸೀಮಿತವಲ್ಲ ಎಂಬುದೇ ಉತ್ತರ. ಮುಂಗಾರಿನ ಮುಂಚಿನ ಮೇ ತಿಂಗಳಲ್ಲಿಯೂ, ಅದು ಹಿಂದಿರುಗಿದ ನಂತರದ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿಯೂ ಚಂಡಮಾರುತಗಳು ಏಳುತ್ತವೆ. 2021ರ ಮೇ ತಿಂಗಳ ‘ತೌಕ್ತೆ’ ಚಂಡಮಾರುತ ಉಡುಪಿಯ ಕರಾವಳಿಯಲ್ಲಿ ಮಾಡಿದ ಹಾನಿಯನ್ನು ಅಲ್ಲಿನವರು ಮರೆತಿಲ್ಲ. ಅದರ ಮುಂದಿನ ವರ್ಷ ಮೇ ತಿಂಗಳಲ್ಲಿ ಮಲ್ಪೆಯ ತೀರದಲ್ಲಿ ಪ್ರವಾಸಿಗರಿಗಾಗಿ ತೇಲುವ ಸೇತುವೆಯೊಂದನ್ನು ಉದ್ಘಾಟಿಸಿದರು. ಕೆಲವೇ ದಿನಗಳಲ್ಲಿ ಚಂಡಮಾರುತದ ಅಲೆಗಳು ಅದನ್ನು ಬಿಚ್ಚಿಹಾಕಿದವು. ಋತುವಿನ ಅಂಚಿನಲ್ಲಿ ಹೊರಟ ಹಡಗು ಸಿಕ್ಕಿಬೀಳುವುದು ಹೀಗೆ. ಗೋಪೀಚಂದನದ ವಿಷಯವೂ ನಾವಿಕರ ರೂಢಿಗೆ ಹೊಂದುತ್ತದೆ. ಹಗುರವಾದ ಹಡಗು ಅಲೆಗೆ ಮಗುಚಿಕೊಳ್ಳದಂತೆ ತಳದಲ್ಲಿ ಕಲ್ಲು, ಮಣ್ಣು ಮೊದಲಾದ ಭಾರವನ್ನು ತುಂಬುವುದು ಎಲ್ಲ ಕಾಲದ ಪದ್ಧತಿ. ದ್ವಾರಕೆಯ ಹತ್ತಿರದ ನಾವಿಕನಿಗೆ ಕೈಗೆಟುಕುವ ಮಣ್ಣು ಅದೇ ತಾನೆ?

ಇನ್ನು ಮುಖ್ಯವಾದೊಂದು ವಿಷಯಕ್ಕೆ ಬರೋಣ. ನಮ್ಮಲ್ಲಿ ಅನೇಕರು ಕಡಲನ್ನು ಕಂಡೊಡನೆ ಕಾಲನ್ನಾದರೂ ತೋಯಿಸಬೇಕೆನ್ನುತ್ತಾರೆ. ಕೆಲವರು “ಕ್ಷೇತ್ರಕ್ಕೆ ಬಂದಿದ್ದೇವೆ, ಸಮುದ್ರಸ್ನಾನ ಪುಣ್ಯ” ಎಂದು ಇಳಿದೇ ಬಿಡುತ್ತಾರೆ. ಧರ್ಮಶಾಸ್ತ್ರದ ವಿಧಿ ಹಾಗಿಲ್ಲ. ಸಮುದ್ರವನ್ನು ಪರ್ವಕಾಲಗಳಲ್ಲಲ್ಲದೆ, ಅಂದರೆ ಅಮಾವಾಸ್ಯೆ, ಹುಣ್ಣಿಮೆ, ಸಂಕ್ರಮಣ, ಗ್ರಹಣ ಮೊದಲಾದ ಸಂದರ್ಭಗಳಲ್ಲಲ್ಲದೆ, ಮುಟ್ಟಬಾರದು, ದೂರದಿಂದ ವಂದಿಸಬೇಕು. ಸೇತುವಿನಲ್ಲಿ, ಅಂದರೆ ರಾಮೇಶ್ವರದ ಕಡೆ, ಮಾತ್ರ ಈ ಕಾಲನಿಯಮವಿಲ್ಲ. ನಮ್ಮ ತಂದೆಯವರು ಅರ್ಚಕವೃತ್ತಿಯಲ್ಲಿದ್ದವರು; ಕಡಲಿನ ದಡದಲ್ಲಿ ನಿಂತಾಗಲೂ ಕಮಂಡಲುವಿನಲ್ಲಿ ತಂದ ಬಾವಿಯ ನೀರಿನಿಂದಲೇ ಆಚಮನ ಮಾಡುತ್ತಿದ್ದರು. ಇಷ್ಟು ನೀರಿರುವಾಗ ಇದೇಕೆ ಎಂದು ಬಾಲ್ಯದಲ್ಲಿ ಕೇಳಿದಾಗ, “ಅದು ದೊಡ್ಡವರ ಮನೆಯಪ್ಪ, ಕರೆದಾಗ ಹೋಗಬೇಕು” ಎಂದಿದ್ದರು. ಮಳೆಗಾಲದ ಪರ್ವದಿನಗಳಲ್ಲಿಯೂ ಅಲ್ಲಿನವರು ಇಳಿಯುವುದು ಊರವರ ಕಣ್ಣಳತೆಯಲ್ಲಿ, ಅವರು ತೋರಿಸಿದ ಕಡೆಯಲ್ಲಿ, ಮೊಣಕಾಲು ಮೀರದ ನೀರಿನಲ್ಲಿ. ತಲೆಯ ಮೇಲೆ ಪ್ರೋಕ್ಷಣೆ ಮಾಡಿಕೊಂಡರೂ ಸಾಕೆಂದು ಹಿರಿಯರು ಹೇಳುತ್ತಾರೆ.

ಈ ವಿಧಿಯನ್ನು ಮೂಢನಂಬಿಕೆಯೆನ್ನುವ ಯುವಕರಿಗೆ ಕಡಲಿನ ಕಾರ್ಯಕಾರಣವನ್ನೂ ಹೇಳಬೇಕಾಗುತ್ತದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಅದು ಎಲ್ಲ ಕಡೆಯಿಂದಲೂ ಸಮನಾಗಿ ಹಿಂದಿರುಗದೆ, ಮರಳಿನ ದಿಬ್ಬಗಳ ನಡುವೆ ತಗ್ಗು ಇದ್ದಲ್ಲಿ ಕಿರಿದಾದ ಹೊಳೆಯಂತೆ ಒಳಕ್ಕೆ ರಭಸವಾಗಿ ಹರಿಯುತ್ತದೆ. ದಡದಲ್ಲಿ ನಿಂತವರ ಕಣ್ಣಿಗೆ ಅಲ್ಲಿ ಅಲೆಯೇ ಇಲ್ಲದಂತೆ, ನೀರು ಶಾಂತವಾಗಿರುವಂತೆ ತೋರುತ್ತದೆ. ಅಪರಿಚಿತರು ಅದನ್ನೇ ಸುರಕ್ಷಿತ ಸ್ಥಳವೆಂದು ಭಾವಿಸಿ ಇಳಿಯುತ್ತಾರೆ. ಎಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆ ಹರಿವಿನಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕೆಂಬುದು ಬಲ್ಲವರ ಮಾತು. ಮಳೆಗಾಲದಲ್ಲಿ ಅಲೆಗಳು ದಂಡೆಯ ಮರಳನ್ನು ಒಳಕ್ಕೆ ಸೆಳೆದೊಯ್ದು ತೀರವನ್ನು ಕಿರಿದಾಗಿಸಿ, ಇಳಿಜಾರನ್ನು ಕಡಿದಾಗಿಸುತ್ತವೆ. ಡಿಸೆಂಬರಿನಲ್ಲಿ ಮಗು ಆಡಿದ ಜಾಗದಲ್ಲಿ ಜುಲೈಯಲ್ಲಿ ದೊಡ್ಡವರಿಗೂ ನೆಲ ಸಿಕ್ಕುವುದಿಲ್ಲ. 2022ರ ಏಪ್ರಿಲ್ ತಿಂಗಳಲ್ಲಿ, ಕಡಲು ಶಾಂತವೆಂದು ಎಲ್ಲರೂ ಎಣಿಸುವ ಕಾಲದಲ್ಲಿಯೇ, ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. ಆಷಾಢದ ಕಡಲಿನ ಬಗೆಗೆ ಇನ್ನು ಹೇಳಬೇಕಾದುದಿಲ್ಲ. ಮಕ್ಕಳೊಡನೆ ಹೋಗುವ ತಾಯಂದಿರು ತಡೆಬೇಲಿಯಿಂದ ಈಚೆಗೇ ಅವರ ಕೈಯನ್ನು ಹಿಡಿದುಕೊಳ್ಳಬೇಕೆಂದು ಪ್ರಾರ್ಥನೆ.

ಕಳೆದೊಂದು ಆಷಾಢದಲ್ಲಿ ನಾನು ಹೋಗಿದ್ದಾಗ, ಬಂದರಿನ ಹತ್ತಿರದ ಷೆಡ್ಡಿನಲ್ಲಿ ಬಲೆಯನ್ನು ಸರಿಪಡಿಸುತ್ತ ಕುಳಿತಿದ್ದ ವೃದ್ಧರೊಬ್ಬರು ಮಳೆ ನಿಲ್ಲುವವರೆಗೆ ಕೂರಲು ಜಾಗ ಕೊಟ್ಟರು.

“ಭಟ್ರೆ, ನೀವು ಈಗ ಬಂದದ್ದು ಒಳ್ಳೆದಾಯ್ತು. ಬೇರೆ ಟೈಮಿನಲ್ಲಿ ನಮಗೆ ಮಾತಾಡ್ಲಿಕ್ಕೆ ಪುರ್ಸೊತ್ತು ಎಲ್ಲುಂಟು?” ಎಂದರು.

ಕಡಲಿಗೆ ಇಳಿಯುವವರು ಈಗಲೂ ಬರುತ್ತಾರೆಯೇ ಎಂದು ಕೇಳಿದೆ.

“ಬರ್ತಾರೆ. ನಾವು ಬೊಬ್ಬೆ ಹಾಕಿದ್ರೆ ಸಿಟ್ಟು ಮಾಡ್ತಾರೆ. ನಾವೇ ಇಳಿಯುದಿಲ್ಲ ಮಾರಾಯ್ರೆ, ಅವ್ರು ಇಳಿಲಿಕ್ಕುಂಟಾ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ‘ಸುವರ್ಣ ತ್ರಿಭುಜ’ದ ಮಾತೆತ್ತಿದರು. ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಆ ದೋಣಿಯು ಏಳು ಮಂದಿ ಮೀನುಗಾರರೊಡನೆ ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಮುಂದಿನ ಮೇ ತಿಂಗಳಲ್ಲಿ ನೌಕಾದಳದವರು ಮಹಾರಾಷ್ಟ್ರದ ತೀರದಾಚೆ ಸಮುದ್ರದ ತಳದಲ್ಲಿ ದೋಣಿಯ ಅವಶೇಷವನ್ನು ಪತ್ತೆ ಮಾಡಿದರು; ಆ ಏಳು ಮಂದಿ ಹಿಂದಿರುಗಲಿಲ್ಲ. “ಅವರ ಮನೆಯವರು ಎಷ್ಟು ದಿನ ಈ ದಡದಲ್ಲಿ ನಿಂತಿದ್ರು ಗೊತ್ತುಂಟಾ?” ಎಂದು ಕೇಳಿ, ಉತ್ತರವನ್ನು ಕಾಯದೆ ವೃದ್ಧರು ಮತ್ತೆ ಬಲೆಗೆ ಕೈಹಾಕಿದರು. ದಡದಲ್ಲಿ ನಿಂತು ಹಡಗನ್ನು ಕಾಯುವುದು ಪುರಾಣಕಾಲದ ಮಾತೆಂದು ನಾವು ತಿಳಿದಿದ್ದೇವೆ. ಮಲ್ಪೆಯಲ್ಲಿ ಅದು ಇಂದಿನ ಮಾತು. ಬಲರಾಮದೇವರ ಗುಡಿಯಲ್ಲಿ ಮೊಗವೀರ ಸ್ತ್ರೀಯರು ಕೈಮುಗಿದು ನಿಲ್ಲುವುದನ್ನು ಕಂಡರೆ, ಆಚಾರ್ಯರು ಅಣ್ಣನನ್ನು ಕಡಲ ದಡದಲ್ಲಿಯೇ ನಿಲ್ಲಿಸಿದ್ದು ಯಾರಿಗಾಗಿ ಎಂದು ಕೇಳಬೇಕಾಗಿಲ್ಲ.

ದೇವಸ್ಥಾನವು ದೊಡ್ಡದಲ್ಲ. ಮಳೆಗಾಲದ ಬೆಳಗಿನಲ್ಲಿ ಹೋದರೆ ನಿಮ್ಮ ಹೊರತು ನಾಲ್ಕೈದು ಮಂದಿ ಇದ್ದರೆ ಹೆಚ್ಚು. ದ್ವಾದಶಸ್ತೋತ್ರವನ್ನು ಪೂರ್ಣವಾಗಿ ಪಾರಾಯಣ ಮಾಡಲು ಅವಕಾಶವಿರುತ್ತದೆ, ಹಿಂದಿನವರು ತಳ್ಳುವುದಿಲ್ಲ. ಶಬ್ದವೆಂದರೆ ಮಾಡಿನಿಂದ ಬೀಳುವ ನೀರು, ಆಚೆಗೆ ಕಡಲು.

ದ್ವೀಪಗಳನ್ನು ಈ ಕಾಲದಲ್ಲಿ ದಡದಿಂದಲೇ ನೋಡಬೇಕು, ಅದೂ ಮಳೆ ಬಿಡುವು ಕೊಟ್ಟಾಗ. ಒಂದು ದ್ವೀಪದಲ್ಲಿ ಬಿದನೂರಿನ ಬಸವಪ್ಪ ನಾಯಕನು ಕಟ್ಟಿಸಿದ ದರಿಯಾ ಬಹದ್ದೂರ್‌ಗಡದ ಅವಶೇಷಗಳಿವೆ. ಸೇಂಟ್ ಮೇರೀಸ್ ಎಂಬ ಹೆಸರು 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಇಟ್ಟದ್ದೆಂಬ ಪ್ರತೀತಿ ಇದೆ. ಅಲ್ಲಿನ ಕಂಬಗಳಂಥ ಕಲ್ಲುಗಳು, ಬಹುಪಾಲು ಐದಾರು ಮುಖಗಳುಳ್ಳವು, ಲಾವಾರಸವು ತಣಿದು ಕುಗ್ಗುವಾಗ ಒಡೆದು ಆದವು, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದವೆಂದು ಭೂವಿಜ್ಞಾನಿಗಳ ನಿರ್ಣಯ. ನೋಡಬೇಕೆನ್ನುವವರು ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಬರಲಿ.

ಯಾತ್ರೆಯ ವ್ಯವಸ್ಥೆಯ ಬಗೆಗೆ ಕೆಲವು ಸೂಚನೆಗಳು. ಶಿರಾಡಿ, ಆಗುಂಬೆ ಘಟ್ಟಗಳಲ್ಲಿ ಮಣ್ಣು ಕುಸಿದು ಸಂಚಾರ ತಡೆಯಾಗುವುದುಂಟು. ಆದುದರಿಂದ ಒಂದು ದಿನವನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಮಡಿಬಟ್ಟೆ ಒಣಗುವುದಿಲ್ಲ, ಎರಡು ಜೊತೆ ಹೆಚ್ಚಿಗೆ ಬೇಕು. ಪ್ರಥಮೈಕಾದಶಿಯಂದು ಉಡುಪಿಯಲ್ಲಿ ತಪ್ತಮುದ್ರಾಧಾರಣೆಗೆ ಬಹಳ ಜನ ಸೇರುತ್ತಾರೆ. ಅದಕ್ಕಾಗಿ ಬರುವವರು ಮರುದಿನ ದ್ವಾದಶಿಯ ಪಾರಣೆ ಮುಗಿಸಿ ಮಲ್ಪೆಗೆ ಹೋಗಿಬರಬಹುದು. ಆಗ ಶಾಕವ್ರತ ಆರಂಭವಾಗಿರುತ್ತದೆ. ಮಠದ ಊಟದಲ್ಲಿ ತರಕಾರಿಯಿಲ್ಲ, ಹುಣಿಸೆಯಿಲ್ಲ, ಮೆಣಸಿನಕಾಯಿಯಿಲ್ಲ. ಹೆಸರುಬೇಳೆ, ಮಾವು, ಮೊಸರುಗಳಲ್ಲಿಯೇ ಅಡಿಗೆಯವರು ತಮ್ಮ ಕೈಚಳಕವನ್ನು ತೋರಿಸುತ್ತಾರೆ. ಅದೇ ವೇಳೆಗೆ ಊರ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಕೆಸುವಿನೆಲೆಯ ಪತ್ರೊಡೆಯ ಕಾಲ. ವ್ರತಸ್ಥರಿಗೆ ಅದರ ಪರಿಮಳವಷ್ಟೇ ಪ್ರಾಪ್ತಿ.

ಅಷ್ಟಮಿಗೆ ಬರುವವರು ದಿನವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಉಡುಪಿಯಲ್ಲಿ ಜನ್ಮಾಷ್ಟಮಿಯು ಸೌರಮಾನದ ಸಿಂಹಮಾಸವನ್ನನುಸರಿಸುವುದರಿಂದ ನಮ್ಮ ಚಾಂದ್ರಮಾನದ ಪಂಚಾಂಗಕ್ಕೂ ಅಲ್ಲಿನ ಉತ್ಸವಕ್ಕೂ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುತ್ತದೆ. ಬಯಲುಸೀಮೆಯಿಂದ ಮಕ್ಕಳುಮರಿಗಳೊಡನೆ ಬಂದಿಳಿದು, ವಿಟ್ಲಪಿಂಡಿ ಇಂದಲ್ಲವೆಂದು ತಿಳಿದು ಪೇಚಾಡಿದವರನ್ನು ಕಂಡಿದ್ದೇನೆ.

ಕಡಲಿನ ವ್ರತ ಮುಗಿಯುವುದನ್ನು ನೋಡಬೇಕೆನ್ನುವವರು ಶ್ರಾವಣದ ಹುಣ್ಣಿಮೆಯ ಆಸುಪಾಸಿನಲ್ಲಿ, ಮಲ್ಪೆಯ ಮೀನುಗಾರರು ನಿಶ್ಚಯಿಸುವ ಸಮುದ್ರಪೂಜೆಯ ದಿನವನ್ನು ಕೇಳಿಕೊಂಡು ಬರಬೇಕು. ಅಂದು ಅವರು ಮೊದಲು ವಡಭಾಂಡೇಶ್ವರದ ಬಲರಾಮದೇವರಿಗೂ ತಮ್ಮ ದೈವವಾದ ಬೊಬ್ಬರ್ಯನಿಗೂ ಪೂಜೆ ಸಲ್ಲಿಸಿ, ಮೆರವಣಿಗೆಯಲ್ಲಿ ದಡಕ್ಕೆ ಬಂದು ಕಡಲಿಗೆ ಹಾಲನ್ನೆರೆದು ಫಲಪುಷ್ಪಗಳನ್ನೂ ತೆಂಗಿನಕಾಯಿಯನ್ನೂ ಅರ್ಪಿಸುತ್ತಾರೆ. ಬೆಳಿಗ್ಗೆ ಬೇಗನೆ ಹೋಗಬೇಕು. ಗುಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಅಂಗಳದಲ್ಲಿ ಕೊಡೆ ಹಿಡಿದು ನಿಂತರೆ ಮೆರವಣಿಗೆ ಹೊರಡುವುದು ಚೆನ್ನಾಗಿ ಕಾಣುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥